ಓಟಿನ ಗುಟ್ಟು

ಪ್ರತಿ ಚುನಾವಣೆಯ ಫಲಿತಾಂಶ ಬಂದ ಮಾರನೆಯ ದಿನ ನಮ್ಮ ದೇಶದಲ್ಲಿ ಎರಡು ದನಿ ಏಳುತ್ತವೆ. ಸೋತವರು ಮಿಷನ್ನು ಮೋಸ ಮಾಡಿತು ಅಂತಾರೆ. ಗೆದ್ದವರು ಮಿಷನ್ನಿನಲ್ಲಿ ಮೋಸ ಸಾಧ್ಯವೇ ಇಲ್ಲ ಅಂತಾರೆ. ಕಾಲ ಕಳೆದು ಸೋತವರು ಗೆದ್ದರೆ, ಗೆದ್ದವರು ಸೋತರೆ, ಇಬ್ಬರೂ ತಮ್ಮ ಮಾತನ್ನು ಅದಲು ಬದಲು ಮಾಡಿಕೊಳ್ಳುತ್ತಾರೆ. 2009ರಲ್ಲಿ ಸೋತ ಬಿಜೆಪಿಯ ನಾಯಕರೇ ಮಿಷನ್ನಿನ ಮೇಲೆ ಅನುಮಾನ ಎತ್ತಿದ್ದರು. 2014ರ ನಂತರ ಅದೇ ಅನುಮಾನ ಕಾಂಗ್ರೆಸ್ಸಿನ ಪಾಲಿಗೆ ಬಂತು. ಇದನ್ನು ನೋಡಿ ನೋಡಿ ನಮ್ಮ ಜನಕ್ಕೆ ಇದು ದೊಡ್ಡವರ ಜಗಳ, ನಮಗೂ ಇದಕ್ಕೂ ಸಂಬಂಧವಿಲ್ಲ ಅನ್ನಿಸಿಬಿಟ್ಟಿದೆ.

ಹಾಗೆ ಅನ್ನಿಸುವುದೇ ಅಪಾಯ. ಕುಂದಾಪುರದಿಂದ ಬಡಗಿಗೆ ಹೊಳೆ ದಾಟಿದರೆ ಹೆದ್ದಾರಿಯ ಮೇಲೆ ತಲ್ಲೂರು ಸಿಗುತ್ತದೆ. ತಲ್ಲೂರಿನಂಥ ಊರಿನ ಚಾ ಅಂಗಡಿಯಲ್ಲಿ ಓಟಿನ ಮಾರನೆಯ ದಿನ ಕೂತರೆ ಒಂದು ಮಾತು ಕೇಳಿಸದೆ ಇರುವುದಿಲ್ಲ: 'ಓಟ್ ಹಾಕ್ದ್ ಹೌದ್, ಅದ್ ಎಲ್ಲಿಗ್ ಹೋಯ್ತ್ ಅಂದ್ ಯಾರಿಗ್ ಗೊತ್ತಿತ್ತ್?' ನಗುತ್ತ ಆಡುವ ಮಾತು. ಆದರೆ ಈ ಮಾತಿನೊಳಗೆ ಪ್ರಜಾಪ್ರಭುತ್ವದ ತಳಪಾಯದ ಪ್ರಶ್ನೆಯೇ ಇದೆ. ನಾನು ಕೊಟ್ಟದ್ದು ನಾನು ಕೊಟ್ಟವನಿಗೇ ಸೇರಿತೇ? ಇದು ಒಂದು. ಕೊಟ್ಟದ್ದು ನಾನೇ, ಅಥವಾ ನನ್ನ ಕೈಯಿಂದ ಬೇರೆ ಯಾರಾದರೂ ಕೊಟ್ಟರೇ? ಇದು ಎರಡು. ನಾನು ಯಾರಿಗೆ ಕೊಟ್ಟೆ ಅಂತ ಬೇರೆಯವರಿಗೆ ಗೊತ್ತಾಯಿತೇ? ಇದು ಮೂರು. ಪೇಪರಿನವರು, ಟಿವಿಯವರು, ಪಕ್ಷದವರು ಎಲ್ಲ ಮೊದಲನೆಯ ಪ್ರಶ್ನೆಯ ಸುತ್ತಲೇ ಸುತ್ತುತ್ತಿದ್ದಾರೆ. ಕಾಲನಿಯಲ್ಲಿ ಬದುಕುವವರಿಗೆ ಎರಡನೆಯದು ಮತ್ತು ಮೂರನೆಯದು ಜೀವದ ಪ್ರಶ್ನೆ. ಮೂರನ್ನೂ ಒಟ್ಟಿಗೆ ಇಟ್ಟು ಯೋಚಿಸದೆ ಮಿಷನ್ನು ಸರಿಯೋ ತಪ್ಪೋ ಅಂತ ಹೇಳುವುದಕ್ಕೆ ಬರುವುದಿಲ್ಲ.

1

ಓಟು ನಮಗೆ ಬಂದು ಬಹಳ ಕಾಲ ಆಗಿಲ್ಲ. ಬ್ರಿಟಿಷರ ಕಾಲದಲ್ಲಿ ಭೂಮಿ ಇದ್ದವನಿಗೆ, ತೆರಿಗೆ ಕಟ್ಟುವವನಿಗೆ, ಓದಿದವನಿಗೆ ಓಟು. ಭೂಮಿಯನ್ನು ಇಟ್ಟುಕೊಳ್ಳಲು ಬಿಡದೆ, ಶಾಲೆಯ ಒಳಗೆ ಕಾಲಿಡಲು ಬಿಡದೆ, ಆಮೇಲೆ ಭೂಮಿ ಮತ್ತು ಓದು ಇದ್ದವನಿಗೆ ಮಾತ್ರ ಓಟು ಎಂದರೆ ಅದರ ಅರ್ಥ ಏನು? 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ತರುಣ ಅಂಬೇಡ್ಕರ್ ಈ ಪ್ರಶ್ನೆಯನ್ನೇ ಎತ್ತಿದರು. ಅಸ್ಪೃಶ್ಯರಿಗೆ ಓಟಿನ ಹಕ್ಕೂ ಬೇಕು, ತಮ್ಮದೇ ಪ್ರತಿನಿಧಿಗಳೂ ಬೇಕು ಅಂತ ವಾದಿಸಿದರು. 1950ರಲ್ಲಿ ಸಂವಿಧಾನ ಜಾರಿಗೆ ಬಂದು ವಯಸ್ಸಿಗೆ ಬಂದ ಎಲ್ಲರಿಗೂ ಓಟು ಸಿಕ್ಕಿತು. ಒಬ್ಬ ಮನುಷ್ಯ, ಒಂದು ಓಟು. ಧಣಿಯದೂ ಒಂದೇ, ಆಳಿನದೂ ಒಂದೇ. ಈ ನೆಲದ ಮೂರು ಸಾವಿರ ವರ್ಷದ ಇತಿಹಾಸದಲ್ಲಿ ಇಬ್ಬರ ಲೆಕ್ಕವೂ ಸಮ ಆದದ್ದು ಅದೇ ಮೊದಲು.

ಆದರೆ ಕಾಗದದ ಮೇಲೆ ಸಮ ಆದದ್ದು ಗದ್ದೆಯಲ್ಲಿ ಸಮ ಆಗಲಿಲ್ಲ. ಮೊದಲ ಮಹಾಚುನಾವಣೆ ನಡೆದ 1951-52ರಲ್ಲಿ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ. ಆಗ ಮತಪತ್ರಕ್ಕೆ ಗುರುತು ಹಾಕುವ ಕ್ರಮ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಅಕ್ಷರ ಬಾರದವರೂ ಚಿಹ್ನೆ ನೋಡಿ ಚೀಟಿ ಹಾಕಬಹುದಿತ್ತು. ಮರೆಯಲ್ಲಿ ಪೆಟ್ಟಿಗೆ ಇಟ್ಟಿದ್ದರು ನಿಜ. ಆದರೆ ಭೂಮಿಯೆಲ್ಲ ಚಾಲಗೇಣಿ, ಮೂಲಗೇಣಿಯ ಲೆಕ್ಕದಲ್ಲಿ ಒಡೆಯನ ಹೆಸರಿನಲ್ಲಿ ಇದ್ದಾಗ, ಮಳೆಗಾಲ ಕಳೆಯುವುದಕ್ಕೆ ಅಕ್ಕಿ ಬೇಕಾದರೆ ಒಡೆಯನ ಅಂಗಳದಲ್ಲೇ ನಿಲ್ಲಬೇಕಾಗಿದ್ದಾಗ, ಯಾವ ಪೆಟ್ಟಿಗೆ ಅನ್ನುವುದು ಮನೆಯಿಂದ ಹೊರಡುವ ಮೊದಲೇ ನಿಶ್ಚಯ ಆಗಿರುತ್ತಿತ್ತು. ಒಕ್ಕಲು ಮನೆಗೆ ಮನೆಯೇ ಒಂದೇ ಪೆಟ್ಟಿಗೆಗೆ. ಮೂಲದಾಳುಗಳ ಮಾತಂತೂ ಕೇಳುವುದೇ ಬೇಡ.

1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಬಂತು. ನಮ್ಮ ಕರಾವಳಿಯಲ್ಲಿ ಒಕ್ಕಲುಗಳು ಫಾರಂ ನಂಬರ್ 7 ತುಂಬಿ ಡಿಕ್ಲರೇಷನ್ ಕೊಟ್ಟರು. ಭೂನ್ಯಾಯಮಂಡಳಿಯ ಮುಂದೆ ಒಡೆಯನ ಎದುರು ನಿಂತರು. ಭೂಮಿ ಬಂದವರ ಓಟು ಒಡೆಯನ ಕೈಯಿಂದ ಬಿಡುಗಡೆ ಆಯಿತು. ಇದನ್ನು ಸಣ್ಣದು ಅಂತ ಯಾರೂ ಹೇಳಬಾರದು. ಆದರೆ ಗೇಣಿಯೂ ಇಲ್ಲದೆ ಬರೀ ಆಳುಗಳಾಗಿ ದುಡಿದವರ ಹತ್ತಿರ ಫಾರಂ ನಂಬರ್ 7ರಲ್ಲಿ ಬರೆಯುವುದಕ್ಕೆ ಏನಿತ್ತು? ದಲಿತರು, ಕೊರಗರು ಬಹುಪಾಲು ಹೊರಗೇ ಉಳಿದರು. ಡಿ.ಸಿ. ಮನ್ನಾ ಜಾಗ ಹಂಚಿ ಅಂತ ಈ ಎರಡು ಜಿಲ್ಲೆಗಳಲ್ಲಿ ದಶಕಗಳಿಂದ ಧರಣಿ ನಡೆದಿರುವುದು ಇದೇ ಕಾರಣಕ್ಕೆ. ಭೂಮಿ ಸಿಗದವನ ಓಟು ಧಣಿಯ ಕೈ ಬಿಟ್ಟರೂ ತನ್ನ ಕೈಗೆ ಬರಲಿಲ್ಲ. ಅದು ಲೀಡರನ ಕೈಗೆ ಹೋಯಿತು, ಪಕ್ಷದ ಕೈಗೆ ಹೋಯಿತು.

2

ಇಲ್ಲಿ ಇಡಿಗಂಟು ಓಟಿನ ಪ್ರಶ್ನೆ ಬರುತ್ತದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಗವರ್ನರನಿಂದ ಹಿಡಿದು ಊರಿನ ಜಡ್ಜಿಯವರೆಗೆ ಹತ್ತಾರು ಹುದ್ದೆಗೆ ಒಂದೇ ದಿನ ಚುನಾವಣೆ. ಒಂದು ಪಕ್ಷದ ಹೆಸರಿನ ಮೇಲೆ ಒಂದು ಸಲ ಒತ್ತಿದರೆ ಆ ಪಕ್ಷದ ಎಲ್ಲರಿಗೂ ಓಟು ಬೀಳುವ ಕ್ರಮ ಅಲ್ಲಿದೆ. 2018ರಲ್ಲಿ ಟೆಕ್ಸಾಸ್ ರಾಜ್ಯದಲ್ಲಿ ಹೀಗೆ ಒತ್ತಿದ ಕೆಲವರು, ಕೊನೆಯಲ್ಲಿ ಪರದೆ ನೋಡಿದರೆ ಒಂದು ಹುದ್ದೆಯ ಓಟು ಎದುರು ಪಕ್ಷಕ್ಕೆ ಬದಲಾಗಿತ್ತು ಅಂತ ದೂರು ಕೊಟ್ಟರು. ಮಿಷನ್ನಿನ ತಪ್ಪಲ್ಲ, ಪರದೆ ಪೂರ್ತಿ ಮೂಡುವ ಮೊದಲೇ ನೀವು ಗುಂಡಿ ತಿರುಗಿಸಿದಿರಿ ಅಂತ ಅಧಿಕಾರಿಗಳು ಮತದಾರರ ಮೇಲೇ ಹಾಕಿದರು. 2020ರಿಂದ ಆ ರಾಜ್ಯದಲ್ಲಿ ಇಡಿಗಂಟು ಒತ್ತುವ ಕ್ರಮವೇ ರದ್ದಾಗಿದೆ. ರದ್ದು ಮಾಡುವ ಕಾನೂನು ಆ ಗಲಾಟೆಗೆ ಮೊದಲೇ, 2017ರಲ್ಲೇ ಆಗಿತ್ತು.

ನಮ್ಮಲ್ಲಿ ಅಂಥ ಗುಂಡಿ ಇಲ್ಲ. ಆದರೆ ಆ ಕೆಲಸವನ್ನು ಮನುಷ್ಯರೇ ಮಾಡುತ್ತಾರೆ. ಗ್ರಾಮ ಪಂಚಾಯಿತಿ ಚುನಾವಣೆಯನ್ನೇ ನೋಡಿ. ನಾಲ್ಕು ನೂರು ಜನಸಂಖ್ಯೆಗೆ ಒಬ್ಬ ಸದಸ್ಯ. ಒಂದು ವಾರ್ಡಿಗೆ ಎರಡು, ಮೂರು, ನಾಲ್ಕು ಸ್ಥಾನ. ಎಷ್ಟು ಸ್ಥಾನವೋ ಮತದಾರನಿಗೆ ಅಷ್ಟು ಓಟು. ಒಂದು ಸ್ಥಾನ ಪರಿಶಿಷ್ಟ ಜಾತಿಗೆ, ಒಂದು ಮಹಿಳೆಗೆ, ಒಂದು ಸಾಮಾನ್ಯ, ಹೀಗೆ. ಪಕ್ಷದ ಚಿಹ್ನೆ ಇಲ್ಲ ಅಂತ ಕಾನೂನು ಹೇಳುತ್ತದೆ. ಆದರೆ ಯಾವ ಅಭ್ಯರ್ಥಿ ಯಾವ ಪಕ್ಷದ 'ಬೆಂಬಲಿತ' ಅನ್ನುವುದು ಮಗುವಿಗೂ ಗೊತ್ತು. ಓಟಿನ ಹಿಂದಿನ ರಾತ್ರಿ ಕಾಲನಿಗೆ ಬರುವವರ ಮಾತು ಒಂದೇ: 'ಮೂರೂ ಓಟ್ ನಮ್ಗೇ ಬೀಳ್ಕ್, ಒಂದೂ ಆಚೀಚೆ ಆಪ್ಕಾಗ.'

ಇದರಲ್ಲಿ ತಪ್ಪೇನು ಅಂತ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಚೆಲ್ಲಾಪಿಲ್ಲಿ ಆದ ಓಟಿಗೆ ಬೆಲೆ ಇಲ್ಲ. ಕಡಿಮೆ ಇರುವವರು ಒಟ್ಟಾಗಿ ಹಾಕಿದರೆ ಮಾತ್ರ ಯಾರಾದರೂ ಕಾಲನಿಯ ಕಡೆ ತಿರುಗಿ ನೋಡುತ್ತಾರೆ. ನಮ್ಮ ಸಂಘಟನೆಗಳೂ ಚುನಾವಣೆ ಬಂದಾಗ ಇಂಥವರನ್ನು ಬೆಂಬಲಿಸಿ ಅಂತ ಕರಪತ್ರ ಹೊರಡಿಸಿವೆ. ಒಗ್ಗಟ್ಟು ಬೇಡ ಅನ್ನುವವನು ನಮ್ಮ ಗೆಳೆಯನಲ್ಲ.

ಆದರೆ ಇಡಿಗಂಟು ಓಟಿನ ಲಾಭ ಯಾರಿಗೆ ಹೋಯಿತು ಅಂತ ಇತಿಹಾಸವನ್ನು ಕೇಳೋಣ. 1932ರ ಪುಣೆ ಒಪ್ಪಂದದಲ್ಲಿ ಪ್ರತ್ಯೇಕ ಮತಕ್ಷೇತ್ರ ಹೋಯಿತು. ಮೀಸಲು ಸ್ಥಾನಗಳ ಸಂಖ್ಯೆ 148ಕ್ಕೆ ಏರಿತು, ಆದರೆ ಆ ಸ್ಥಾನಕ್ಕೆ ಯಾರು ಬರಬೇಕು ಅಂತ ಕೊನೆಗೆ ತೀರ್ಮಾನ ಮಾಡುವವರು ಎಲ್ಲ ಜಾತಿಯವರು. ಸ್ವಾತಂತ್ರ್ಯ ಬಂದ ಮೇಲೆ ದ್ವಿಸದಸ್ಯ ಕ್ಷೇತ್ರಗಳು ಬಂದವು. ಒಂದೇ ಕ್ಷೇತ್ರ, ಒಂದು ಸಾಮಾನ್ಯ ಸ್ಥಾನ, ಒಂದು ಮೀಸಲು ಸ್ಥಾನ, ಮತದಾರನಿಗೆ ಎರಡು ಓಟು. ಎರಡನ್ನೂ ಒಬ್ಬನಿಗೇ ಕೊಡುವಂತಿಲ್ಲ. ಕೊಟ್ಟರೆ ಒಂದು ವ್ಯರ್ಥ. 1952ರಲ್ಲಿ ಉತ್ತರ ಬೊಂಬಾಯಿಯ ಇಂಥ ಕ್ಷೇತ್ರದಲ್ಲಿ ಅಂಬೇಡ್ಕರ್ ನಿಂತರು. ಸಮಾಜವಾದಿ ಅಶೋಕ ಮೆಹ್ತಾ ಅವರ ಜೊತೆಗಾರ. ಒಂದು ಓಟು ಇವರಿಗೆ, ಒಂದು ಅವರಿಗೆ ಬೀಳಬೇಕಾಗಿತ್ತು. ಸಂವಿಧಾನ ಬರೆಯಲು ಮುಂದಾಳಾಗಿದ್ದ ಮನುಷ್ಯ ಆ ಸಂವಿಧಾನದ ಮೊದಲ ಚುನಾವಣೆಯಲ್ಲೇ ಕಾಜ್ರೋಳ್ಕರ್ ಎಂಬ ಕಾಂಗ್ರೆಸ್ ಅಭ್ಯರ್ಥಿಯ ಎದುರು ಹದಿನಾಲ್ಕು ಸಾವಿರ ಚಿಲ್ಲರೆ ಓಟಿನಿಂದ ಸೋತರು. ಆ ಕ್ಷೇತ್ರದಲ್ಲಿ ತಿರಸ್ಕೃತವಾದ ಓಟುಗಳು 74,333. ಓಟು ವ್ಯರ್ಥ ಮಾಡಿ ಅಂತ ಎದುರಾಳಿಗಳು ಪ್ರಚಾರ ಮಾಡಿದರು ಎಂದು ಅಂಬೇಡ್ಕರ್ ಮತ್ತು ಮೆಹ್ತಾ ತಕರಾರು ಅರ್ಜಿ ಹಾಕಿದರು. ಅರ್ಜಿ ನಿಲ್ಲಲಿಲ್ಲ.

ಆಗ ಮಿಷನ್ನು ಇರಲಿಲ್ಲ ಅನ್ನುವುದನ್ನು ಗಮನಿಸಿ. ಕಾಗದವೇ ಇತ್ತು. ಎಣಿಕೆ ಸರಿಯಾಗಿಯೇ ನಡೆದಿರಬಹುದು. ಆದರೂ 74,333 ಓಟು ಲೆಕ್ಕಕ್ಕೆ ಬರಲಿಲ್ಲ. ಓಟು ಹೇಗೆ ಹಂಚಬೇಕು ಅನ್ನುವ ನಿಯಮವೇ ಒಂದು ಯಂತ್ರ. ಅದಕ್ಕೆ ವೈರಿಲ್ಲ, ಬ್ಯಾಟರಿಯಿಲ್ಲ, ಆದರೆ ಯಾರ ಓಟಿಗೆ ಎಷ್ಟು ಬೆಲೆ ಅಂತ ಅದೇ ತೀರ್ಮಾನ ಮಾಡುತ್ತದೆ. ಇನ್ನೊಂದು ಸಂಗತಿ. 1957ರಲ್ಲಿ ಆಂಧ್ರದ ಪಾರ್ವತೀಪುರಂ ದ್ವಿಸದಸ್ಯ ಕ್ಷೇತ್ರದಲ್ಲಿ ಎರಡೂ ಸ್ಥಾನ ಬುಡಕಟ್ಟಿನವರಿಗೇ ಹೋಗಿ, ವಿ.ವಿ. ಗಿರಿಯಂಥ ದೊಡ್ಡ ನಾಯಕ ಸೋತರು. ಗಿರಿಯವರು ಸುಪ್ರೀಂ ಕೋರ್ಟಿನವರೆಗೆ ಹೋದರು, ಅಲ್ಲೂ ಸೋತರು. 1961ರಲ್ಲಿ ದ್ವಿಸದಸ್ಯ ಕ್ಷೇತ್ರಗಳೇ ರದ್ದಾದವು. ಮೀಸಲಿನವನು ತನ್ನ ಮೀಸಲು ಗೆರೆ ದಾಟಿ ಸಾಮಾನ್ಯ ಸ್ಥಾನವನ್ನೂ ಗೆಲ್ಲಬಹುದು ಅಂತ ತೋರಿದ ಮೇಲೆ ಆ ಕ್ರಮ ಹೆಚ್ಚು ದಿನ ಉಳಿಯಲಿಲ್ಲ.

ಆ ದ್ವಿಸದಸ್ಯ ಕ್ಷೇತ್ರದ ನೆರಳು ಇವತ್ತಿಗೂ ಉಳಿದಿರುವುದು ನಮ್ಮ ಪಂಚಾಯಿತಿ ವಾರ್ಡಿನಲ್ಲಿ. ಊರಿನವರು ತಮ್ಮ ತಂಡಕ್ಕೆ ಒಬ್ಬ ದಲಿತ ಅಭ್ಯರ್ಥಿಯನ್ನು ಹುಡುಕುತ್ತಾರೆ. ಮಾತಾಡದವನು ಆದರೆ ಒಳ್ಳೆಯದು. ಮೂರೂ ಓಟು ತಂಡಕ್ಕೆ ಬೀಳುತ್ತದೆ. ಅವನು ಗೆಲ್ಲುತ್ತಾನೆ. ಗೆದ್ದ ಮೇಲೆ ಅವನು ಯಾರಿಗೆ ಉತ್ತರ ಹೇಳಬೇಕು? ಕಾಲನಿಗೋ, ತಂಡಕ್ಕೋ? ಕಾಲನಿಯಲ್ಲೇ ಹುಟ್ಟಿ, ಕಾಲನಿಗಾಗಿ ಜಗಳ ಕಾದ ಇನ್ನೊಬ್ಬ ಅದೇ ವಾರ್ಡಿನಲ್ಲಿ ಠೇವಣಿ ಕಳೆದುಕೊಂಡು ಮನೆಗೆ ಹೋಗುತ್ತಾನೆ. ಅವನ ವಿರುದ್ಧ ಬಿದ್ದ ಓಟಿನಲ್ಲಿ ಕಾಲನಿಯದೂ ಇರುತ್ತದೆ. ಇದು ನಮ್ಮ ನಾಚಿಕೆಯ ಸಂಗತಿ, ಮುಚ್ಚಿಡಬೇಕಾಗಿಲ್ಲ.

ಹಾಗಾದರೆ ಒಗ್ಗಟ್ಟಿನ ಓಟು ಯಾವುದು, ಜೀತದ ಓಟು ಯಾವುದು? ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ನೂರು ಮನೆ, ನೂರೂ ಒಂದೇ ಕಡೆಗೆ. ವ್ಯತ್ಯಾಸ ತಿಳಿಯುವುದಕ್ಕೆ ಒಂದೇ ಒಂದು ಪರೀಕ್ಷೆ ಇದೆ. ಆ ನೂರರಲ್ಲಿ ಒಬ್ಬಳು ಹೆಂಗಸು ಬೇರೆ ಕಡೆ ಓಟು ಹಾಕಬೇಕು ಅಂದುಕೊಂಡರೆ, ಹಾಕಿ ಬಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಬಲ್ಲಳೇ? ಗಂಡನಿಗೆ, ಕಾಲನಿಯ ಮುಖಂಡನಿಗೆ, ಊರಿನ ಲೀಡರಿಗೆ ಹೆದರದೆ? ಮಾಡಬಲ್ಲಳು ಎಂದಾದರೆ ಉಳಿದ ತೊಂಬತ್ತೊಂಬತ್ತು ಓಟು ಒಗ್ಗಟ್ಟಿನ ಓಟು. ಇಲ್ಲ ಎಂದಾದರೆ ನೂರೂ ಜೀತದ ಓಟು. ನಾವೇ, ನಮ್ಮ ಸಂಘಟನೆಯೇ, ಒಳ್ಳೆಯವನಿಗೇ ಹಾಕಿಸಿದರೂ ಅದು ಜೀತದ ಓಟೇ. ಜೀತಕ್ಕೆ ಇಟ್ಟವನು ಒಳ್ಳೆಯವನಾದರೆ ಜೀತ ಒಳ್ಳೆಯದಾಗುತ್ತದೆಯೇ?

ಈ ಪರೀಕ್ಷೆ ನಿಂತಿರುವುದು ಗುಟ್ಟಿನ ಮೇಲೆ. ಗುಟ್ಟು ಉಳಿದರೆ ಮಾತ್ರ ಆ ಹೆಂಗಸು ಸ್ವತಂತ್ರಳು.

3

ಈಗ ಮಿಷನ್ನಿಗೆ ಬರೋಣ. ವಿಶೇಷ ಏನೆಂದರೆ ಇದರಲ್ಲಿ ಕನ್ನಡ ನಾಡಿನ ದುಡಿಮೆ ಬಹಳ ಇದೆ. ಬೆರಳಿಗೆ ಹಾಕುವ ಅಳಿಸಲಾಗದ ಶಾಯಿ 1962ರಿಂದ ಮೈಸೂರಿನ ಬಣ್ಣದ ಕಾರ್ಖಾನೆಯಿಂದ ಇಡೀ ದೇಶಕ್ಕೆ ಹೋಗುತ್ತಿದೆ. ಮಿಷನ್ನು ಮಾಡುವ ಎರಡು ಸರ್ಕಾರಿ ಕಂಪನಿಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್, ಇನ್ನೊಂದು ಹೈದರಾಬಾದಿನ ಇಸಿಐಎಲ್. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ಕ್ಷೇತ್ರದ 50 ಬೂತುಗಳಲ್ಲಿ ಮೊದಲ ಸಲ ಮಿಷನ್ನು ಇಟ್ಟರು. 123 ಓಟಿನಿಂದ ಸೋತವರು ಕೋರ್ಟಿಗೆ ಹೋದರು. ಕಾನೂನಿನಲ್ಲಿ ಮಿಷನ್ನಿನ ಮಾತೇ ಇಲ್ಲವಲ್ಲ ಅಂತ 1984ರಲ್ಲಿ ಸುಪ್ರೀಂ ಕೋರ್ಟು ಆ ಬೂತುಗಳಲ್ಲಿ ಮರುಮತದಾನಕ್ಕೆ ಹೇಳಿತು. ಮರುಮತದಾನದಲ್ಲಿ ಫಲಿತಾಂಶವೇ ತಿರುಗಿತು. 1989ರಲ್ಲಿ ಕಾನೂನು ತಿದ್ದಿದರು. 2004ರಲ್ಲಿ ಲೋಕಸಭೆಯ ಎಲ್ಲ 543 ಕ್ಷೇತ್ರಕ್ಕೂ ಮಿಷನ್ನು ಬಂತು.

ಕಾಗದದ ಕಾಲ ಸತ್ಯಯುಗ ಆಗಿತ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೂತು ಹಿಡಿದು ಗಂಟೆಯೊಳಗೆ ನೂರಾರು ಚೀಟಿಗೆ ಮುದ್ರೆ ಒತ್ತಿದವರು ಯಾರು? ದಲಿತರನ್ನು ಬೂತಿನ ಹತ್ತಿರವೇ ಬಿಡದೆ ಅವರ ಓಟನ್ನು ತಾವೇ ಹಾಕಿದವರು ಯಾರು? ಬಿಹಾರದಲ್ಲಿ, ಉತ್ತರ ಪ್ರದೇಶದಲ್ಲಿ ಇದು ಮಾಮೂಲಾಗಿತ್ತು. ಮಿಷನ್ನು ನಿಮಿಷಕ್ಕೆ ನಾಲ್ಕಕ್ಕಿಂತ ಹೆಚ್ಚು ಓಟು ತೆಗೆದುಕೊಳ್ಳುವುದಿಲ್ಲ. ಅಧಿಕಾರಿ ಬಂದ್ ಮಾಡಿದರೆ ನಿಂತೇಬಿಡುತ್ತದೆ. ಮುದ್ರೆ ಎಲ್ಲೋ ಬಿದ್ದು ಓಟು ಅಸಿಂಧು ಆಗುವ ಕಾಟ ಇಲ್ಲ. ಯಾವ ತಂತಿಯ, ಇಂಟರ್ನೆಟ್ಟಿನ ಸಂಪರ್ಕವೂ ಅದಕ್ಕಿಲ್ಲ. ಬೆಳಿಗ್ಗೆ ಏಜೆಂಟರ ಎದುರಿಗೆ ಕಡೇ ಪಕ್ಷ 50 ಓಟು ಹಾಕಿ ಅಣಕು ಮತದಾನ ಮಾಡಿ ತೋರಿಸುತ್ತಾರೆ. ಸಂಜೆ ಎಷ್ಟು ಓಟು ಬಿತ್ತು ಅಂತ ನಮೂನೆ 17ಸಿಯಲ್ಲಿ ಬರೆದು ಕೊಡುತ್ತಾರೆ. ಇವೆಲ್ಲ ಒಳ್ಳೆಯವೇ. ಇವನ್ನು ಅಲ್ಲಗಳೆದರೆ ನಮ್ಮ ಮಾತಿಗೆ ತೂಕ ಇರುವುದಿಲ್ಲ.

ಆದರೆ ಮಿಷನ್ನು ಒಳ್ಳೆಯದು ಅನ್ನುವುದು ಬೇರೆ, ನಂಬಿ ಸುಮ್ಮನಿರಿ ಅನ್ನುವುದು ಬೇರೆ. 2010ರಲ್ಲಿ ಹರಿಪ್ರಸಾದ್ ಎಂಬ ಇಂಜಿನಿಯರು ಇಬ್ಬರು ವಿದೇಶಿ ವಿಜ್ಞಾನಿಗಳ ಜೊತೆ ಸೇರಿ, ಮಿಷನ್ನು ಕೈಗೆ ಸಿಕ್ಕರೆ ಅದರೊಳಗಿನ ಭಾಗ ಬದಲಾಯಿಸಿ ಲೆಕ್ಕ ತಪ್ಪಿಸಬಹುದು ಅಂತ ಮಾಡಿ ತೋರಿಸಿದರು. ಚುನಾವಣೆಯಲ್ಲಿ ಹಾಗೆ ನಡೆದಿದೆ ಅಂತ ಅದರಿಂದ ಸಾಬೀತಾಗಲಿಲ್ಲ. ಆದರೆ ತಪ್ಪು ತೋರಿಸಿದವನಿಗೆ ಸಿಕ್ಕಿದ್ದು ಬಂಧನ. 2013ರಲ್ಲಿ ಸುಪ್ರೀಂ ಕೋರ್ಟು ಕಾಗದದ ಚೀಟಿ ತೋರಿಸುವ ವಿವಿಪ್ಯಾಟ್ ಬೇಕು ಅಂದಿತು. ಏಳು ಸೆಕೆಂಡು ಗಾಜಿನೊಳಗೆ ಚೀಟಿ ಕಾಣುತ್ತದೆ, ಆಮೇಲೆ ಡಬ್ಬಿಗೆ ಬೀಳುತ್ತದೆ. ಆ ಚೀಟಿಗಳನ್ನೆಲ್ಲ ಎಣಿಸುತ್ತಾರೆಯೇ? ಇಲ್ಲ. 2019ರಲ್ಲಿ ಕೋರ್ಟು ಒಂದು ವಿಧಾನಸಭಾ ಕ್ಷೇತ್ರಕ್ಕೆ ಐದು ಬೂತಿನ ಚೀಟಿ ಎಣಿಸಿ ಅಂದಿತು. ಎಲ್ಲ ಎಣಿಸಿ, ಇಲ್ಲವೇ ಕಾಗದಕ್ಕೆ ಮರಳಿ ಅನ್ನುವ ಬೇಡಿಕೆಯನ್ನು 2024ರ ಏಪ್ರಿಲ್ 26ರಂದು ತಳ್ಳಿಹಾಕಿತು. ಎರಡನೆಯ, ಮೂರನೆಯ ಸ್ಥಾನ ಬಂದವರು ಹಣ ಕಟ್ಟಿದರೆ ನೂರಕ್ಕೆ ಐದು ಮಿಷನ್ನುಗಳ ಒಳಗನ್ನು ಪರೀಕ್ಷಿಸಿ ಕೊಡಬೇಕು ಅಂತ ಅಷ್ಟು ದಾರಿ ಬಿಟ್ಟಿತು. ಹಣ ಕಟ್ಟುವ ಅಭ್ಯರ್ಥಿಗೆ ದಾರಿ. ಮತದಾರನಿಗೆ?

ಮತದಾರನಿಗೆ ಇರುವ ದಾರಿ ಇದು. ತಾನು ಒತ್ತಿದ್ದೇ ಬೇರೆ, ಚೀಟಿಯಲ್ಲಿ ಬಂದದ್ದೇ ಬೇರೆ ಅಂತ ಕಂಡರೆ ಅವನು ಅಧಿಕಾರಿಗೆ ಬರಹದಲ್ಲಿ ದೂರು ಕೊಡಬೇಕು. ಎಲ್ಲ ಏಜೆಂಟರ ಎದುರು ಇನ್ನೊಂದು ಸಲ ಒತ್ತಿ ತೋರಿಸಬೇಕು. ದೂರು ಸುಳ್ಳಾದರೆ ಶಿಕ್ಷೆ ಆಗಬಹುದು ಅಂತ ಮೊದಲೇ ಎಚ್ಚರಿಸುತ್ತಾರೆ. ಹೇಳಿ, ದಿನಗೂಲಿಗೆ ಹೋಗುವ ಯಾವ ಮನುಷ್ಯ, ಪೊಲೀಸರು ನಿಂತಿರುವ ಜಾಗದಲ್ಲಿ, ಊರಿನ ನಾಲ್ಕು ಪಕ್ಷದ ನಾಲ್ಕು ಏಜೆಂಟರ ಎದುರು, ಏಳು ಸೆಕೆಂಡಿನಲ್ಲಿ ಕಂಡದ್ದನ್ನು ಹಿಡಿದು ಜೈಲಿನ ಭಯ ಇಟ್ಟುಕೊಂಡು ಬಾಯಿ ಬಿಡುತ್ತಾನೆ? ದೂರು ಬಂದಿಲ್ಲ, ಆದ್ದರಿಂದ ತಪ್ಪಿಲ್ಲ ಅನ್ನುವ ಮಾತು ನಮಗೆ ಹೊಸದಲ್ಲ. ಹೋಟೆಲಿನಲ್ಲಿ ಎರಡು ಲೋಟ ಇಟ್ಟ ಊರುಗಳಲ್ಲೂ ದೂರು ಬಂದಿಲ್ಲ ಅಂತಲೇ ವರದಿ ಹೋಗುತ್ತಿತ್ತು.

ಜರ್ಮನಿಯ ಸಂವಿಧಾನ ಕೋರ್ಟು 2009ರ ಮಾರ್ಚಿನಲ್ಲಿ ಒಂದು ತೀರ್ಪು ಕೊಟ್ಟಿತು. ಅಲ್ಲಿನ ಮಿಷನ್ನಿನಲ್ಲಿ ಮೋಸ ಆಗಿದೆ ಅಂತ ಅದು ಹೇಳಲಿಲ್ಲ. ಚುನಾವಣೆಯ ಮುಖ್ಯ ಹಂತಗಳನ್ನು ವಿಶೇಷ ಓದಿಲ್ಲದ ಸಾಮಾನ್ಯ ಪ್ರಜೆಯೂ ಪರೀಕ್ಷಿಸಿ ನೋಡುವಂತೆ ಇರಬೇಕು, ಈ ಮಿಷನ್ನಿನಲ್ಲಿ ಅದು ಆಗುವುದಿಲ್ಲ ಅಂತ ಹೇಳಿತು. ನಮಗೆ ಈ ಮಾತು ಬಹಳ ಹತ್ತಿರದ್ದು. ತಿಳಿದವರು ನೋಡಿದ್ದಾರೆ, ನಿಮಗೆ ತಿಳಿಯುವುದಿಲ್ಲ, ನಂಬಿ ಅನ್ನುವ ಮಾತನ್ನು ವೇದದ ಹೆಸರಿನಲ್ಲಿ ಕೇಳಿದ್ದೇವೆ, ಪಟೇಲ ಶಾನುಭೋಗರ ಲೆಕ್ಕದ ಪುಸ್ತಕದ ಹೆಸರಿನಲ್ಲಿ ಕೇಳಿದ್ದೇವೆ. ಈಗ ಚಿಪ್ಪಿನ ಹೆಸರಿನಲ್ಲಿ ಕೇಳುತ್ತಿದ್ದೇವೆ. 1976ರಲ್ಲಿ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದಾಗ ಅವರು ಕೇಳಿದ್ದು ಇಷ್ಟೇ: ಎಲ್ಲರ ಎದುರು ತೋರಿಸಿ. ಬಾಬಾಗಳಿಗೆ ಕೇಳಿದ ಪ್ರಶ್ನೆಯನ್ನು ಸರ್ಕಾರಕ್ಕೆ ಕೇಳುವುದು ದೇಶದ್ರೋಹ ಹೇಗಾಗುತ್ತದೆ? ಹಾಗೆಯೇ, ಪುರಾವೆ ಇಲ್ಲದೆ ಮೋಸ ಮೋಸ ಅಂತ ಕೂಗುವವನನ್ನೂ ಇದೇ ಪ್ರಶ್ನೆಯಿಂದ ಅಳೆಯಬೇಕು. ಕುರುಡು ನಂಬಿಕೆಯಷ್ಟೇ ಕುರುಡು ಅನುಮಾನವೂ ನಮ್ಮನ್ನು ಕೆಡಿಸುತ್ತದೆ. ಯಾರಿಗೆ ಹಾಕಿದರೂ ಒಂದೇ, ಮಿಷನ್ನು ಅವರದ್ದೇ ಅಂತ ಮನೆಯಲ್ಲಿ ಕೂತವನ ಓಟನ್ನು ಕದಿಯುವುದಕ್ಕೆ ಯಾವ ಮಿಷನ್ನೂ ಬೇಕಾಗಿಲ್ಲ.

4

ಇಷ್ಟು ದಿನ ಎಲ್ಲರೂ ಮಿಷನ್ನು ಸುಳ್ಳು ಹೇಳುತ್ತದೆಯೇ ಅಂತ ಕೇಳಿದರು. ಅದು ಸತ್ಯ ಹೇಳಿದರೂ ನಮಗೆ ಅಪಾಯ ಇದೆ ಅಂತ ಯಾರೂ ಹೇಳುತ್ತಿಲ್ಲ.

ಕಾಗದದ ಕಾಲದಲ್ಲಿ ಬೆದರಿಕೆಯ ಭಯ ಇದ್ದ ಕಡೆ ಹಲವು ಬೂತುಗಳ ಮತಪತ್ರಗಳನ್ನು ಒಟ್ಟಿಗೆ ಬೆರೆಸಿ ಎಣಿಸುವ ನಿಯಮ ಇತ್ತು. ಬೆರೆಸಿದ ಮೇಲೆ ಯಾವ ಕೇರಿಯ ಓಟು ಯಾರಿಗೆ ಹೋಯಿತು ಅಂತ ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಮಿಷನ್ನು ಬಂದ ಮೇಲೆ ಪ್ರತಿ ಬೂತಿನ ಲೆಕ್ಕ ಬೇರೆ ಬೇರೆಯಾಗಿ ಹೊರಗೆ ಬರುತ್ತದೆ. ಎಣಿಕೆಯ ಮೇಜಿನಲ್ಲಿ ಏಜೆಂಟರು ಬರೆದುಕೊಳ್ಳುತ್ತಾರೆ. ಒಂದು ಬೂತಿಗೆ ಹೆಚ್ಚೆಂದರೆ 1200 ಮತದಾರರು ಅಂತ ಚುನಾವಣಾ ಆಯೋಗ 2025ರಲ್ಲಿ ಇಳಿಸಿತು. ಕ್ಯೂ ಸಣ್ಣದಾಗಲಿ ಅಂತ ಮಾಡಿದ್ದು, ಸರಿ. ಆದರೆ ಬೂತು ಸಣ್ಣದಾದಷ್ಟೂ ಗುಟ್ಟು ತೆಳ್ಳಗಾಗುತ್ತದೆ. ಯಾವ ಶಾಲೆಯ ಯಾವ ಕೋಣೆಯಲ್ಲಿ ಯಾವ ಕಾಲನಿಯವರು ಓಟು ಹಾಕುತ್ತಾರೆ ಅನ್ನುವುದು ಊರಿನ ಲೀಡರಿಗೆ ಕಂಠಪಾಠ.

ಈಗ ಇಡಿಗಂಟು ಓಟನ್ನೂ ಬೂತುವಾರು ಎಣಿಕೆಯನ್ನೂ ಒಟ್ಟಿಗೆ ಇಟ್ಟು ನೋಡಿ. ಕಾಲನಿ ಒಟ್ಟಾಗಿ ಒಂದು ಕಡೆ ಹಾಕಿತು ಎಂದರೆ ಆ ಅಂಕಿ ಎದ್ದು ಕಾಣುತ್ತದೆ. ಗೆದ್ದವನಿಗೆ ಹಾಕಿದ್ದರೆ ಸರಿ. ಸೋತವನಿಗೆ ಹಾಕಿದ್ದರೆ? ನಳ್ಳಿ ನೀರು, ರಸ್ತೆ, ಮನೆ ಮಂಜೂರಿ, ಹಕ್ಕುಪತ್ರ ಎಲ್ಲ ಗೆದ್ದವನ ಕೈಯಲ್ಲಿ. ಬಾಯಿಬಿಟ್ಟು ಬೆದರಿಸಬೇಕೆಂದೂ ಇಲ್ಲ. ಕಡತ ಮೇಜಿನ ಮೇಲೆ ಸುಮ್ಮನೆ ಕೂತರೆ ಸಾಕು. ಇದು ಊಹೆಯ ಮಾತಲ್ಲ. 2019ರ ಏಪ್ರಿಲಿನಲ್ಲಿ ಉತ್ತರ ಪ್ರದೇಶದಲ್ಲಿ ಆಗಿನ ಕೇಂದ್ರ ಮಂತ್ರಿ ಮೇನಕಾ ಗಾಂಧಿ ಬಹಿರಂಗ ಸಭೆಯಲ್ಲೇ ಹೇಳಿದರು: ತಮಗೆ ಬಿದ್ದ ಓಟಿನ ಲೆಕ್ಕದಲ್ಲಿ ಹಳ್ಳಿಗಳನ್ನು ಎ, ಬಿ, ಸಿ, ಡಿ ಅಂತ ವಿಂಗಡಿಸಿ ಆ ಸರದಿಯಲ್ಲೇ ಅಭಿವೃದ್ಧಿ ಕೆಲಸ ಮಾಡುವುದಾಗಿ. ಆಯೋಗ ಎಚ್ಚರಿಕೆ ಕೊಟ್ಟಿತು. ಅವರು ಬಾಯಿಬಿಟ್ಟು ಹೇಳಿದರು, ಸಿಕ್ಕಿಬಿದ್ದರು. ಹೇಳದೆ ಮಾಡುವವರ ಲೆಕ್ಕ ಯಾರಿಟ್ಟಿದ್ದಾರೆ?

ಇದಕ್ಕೆ ಮದ್ದಿಲ್ಲವೇ? ಇದೆ. ಹಲವು ಮಿಷನ್ನುಗಳನ್ನು ಜೋಡಿಸಿ ಒಟ್ಟು ಮೊತ್ತ ಮಾತ್ರ ತೋರಿಸುವ ಟೋಟಲೈಸರ್ ಎಂಬ ಯಂತ್ರವನ್ನು ತರೋಣ ಅಂತ ಚುನಾವಣಾ ಆಯೋಗವೇ 2008ರಲ್ಲಿ ಸರ್ಕಾರಕ್ಕೆ ಹೇಳಿತ್ತು. 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಒಪ್ಪಿತು. ಕೇಂದ್ರ ಸರ್ಕಾರ ಬೇಡ ಅಂದಿತು. ಬೂತುವಾರು ಅಂಕಿ ಗೊತ್ತಾದರೆ ಎಲ್ಲಿ ಕೆಲಸ ಮಾಡಬೇಕು ಅಂತ ಪಕ್ಷಗಳಿಗೆ ತಿಳಿಯುತ್ತದೆ ಅನ್ನುವುದು ವಾದ. ಹೌದು, ಎಲ್ಲಿ ಮಾಡಬಾರದು ಅಂತಲೂ ತಿಳಿಯುತ್ತದೆ. ಮಿಷನ್ನು ಸರಿಯಿಲ್ಲ ಅಂತ ಬೊಬ್ಬೆ ಹೊಡೆಯುವ ಪಕ್ಷಗಳು ಈ ವಿಷಯದಲ್ಲಿ ಅಷ್ಟು ಜೋರಾಗಿ ಬಾಯಿ ಬಿಟ್ಟಿಲ್ಲ. ಬೂತಿನ ಅಂಕಿ ಎಲ್ಲ ಪಕ್ಷಕ್ಕೂ ಬೇಕು.

2025ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಮಂತ್ರಿಮಂಡಲ, ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಮತಪತ್ರದಲ್ಲೇ ನಡೆಸಲು ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಿತು. ನಮ್ಮ ಹಳ್ಳಿಗರಿಗೆ ಇದು ಅಂಥ ಹೊಸದೇನಲ್ಲ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆ ಬೀದರ್ ಜಿಲ್ಲೆ ಬಿಟ್ಟರೆ ಎಲ್ಲ ಕಡೆ ಮತಪತ್ರದಲ್ಲೇ ನಡೆದಿತ್ತು. ಕಾಗದವನ್ನು ಕಣ್ಣಿಂದ ನೋಡಿ ಎಣಿಸಬಹುದು, ಮತ್ತೊಮ್ಮೆ ಎಣಿಸಬಹುದು. ಮೊದಲ ಪ್ರಶ್ನೆಗೆ ಇದು ಒಳ್ಳೆಯ ಉತ್ತರ. ಎರಡನೆಯ, ಮೂರನೆಯ ಪ್ರಶ್ನೆಗೆ? ಪಂಚಾಯಿತಿಯ ವಾರ್ಡು ಇನ್ನೂ ಸಣ್ಣದು. ಹಿಂದಿನ ರಾತ್ರಿ ಬರುವವರು ಆಗಲೂ ಬರುತ್ತಾರೆ. ಮಿಷನ್ನು ತೆಗೆದು ಕಾಗದ ತಂದ ಮಾತ್ರಕ್ಕೆ ಕಾಲನಿಗೆ ಬಿಡುಗಡೆ ಬಂತು ಅಂತ ನಾವು ಮೈಮರೆಯಬಾರದು.

5

ಇನ್ನೊಂದು ಸಂಗತಿ. ಮಿಷನ್ನಿನ ಹತ್ತಿರ ಹೋಗುವ ಮೊದಲೇ ಓಟು ಕಳೆಯಬಹುದು. 2023ರ ವಿಧಾನಸಭಾ ಚುನಾವಣೆಗೆ ಮೊದಲು ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಿರಿ ಅಂತ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ನಿಜವಾದವು 24. ಉಳಿದ 5,994 ಸರಿಯಿಲ್ಲ ಅಂತ ಅಧಿಕಾರಿಗಳು ತಿರಸ್ಕರಿಸಿದರು, ಪೊಲೀಸ್ ಕೇಸಾಯಿತು. ಹೆಸರು ತೆಗೆಯುವ ಅರ್ಜಿಯ ನಮೂನೆ ಯಾವುದು ಗೊತ್ತೇ? ಅದೂ ಫಾರಂ ನಂಬರ್ 7. ನಮ್ಮ ಹಿರಿಯರು ಭೂಮಿ ಕೇಳುವುದಕ್ಕೆ ಫಾರಂ ನಂಬರ್ 7 ತುಂಬಿದರು. ಇಲ್ಲಿ ಯಾರೋ ಕೂತು ಇನ್ನೊಬ್ಬರ ಓಟು ಕಿತ್ತುಕೊಳ್ಳುವುದಕ್ಕೆ ಫಾರಂ ನಂಬರ್ 7 ತುಂಬಿದರು. ಬಿಹಾರದಲ್ಲಿ 2025ರ ಆಗಸ್ಟಿನ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಕಾಣೆಯಾಗಿದ್ದವು. ಸತ್ತವರು, ಊರು ಬಿಟ್ಟವರು ಅದರಲ್ಲಿ ಇದ್ದರು, ನಿಜ. ಆದರೆ ಬದುಕಿದ್ದೂ ಪಟ್ಟಿಯಲ್ಲಿ ಸತ್ತವರು ಯಾವಾಗಲೂ ಯಾರಾಗಿರುತ್ತಾರೆ? ಹೊಟ್ಟೆಪಾಡಿಗೆ ಬೆಂಗಳೂರಿಗೋ ಮುಂಬಯಿಗೋ ಹೋಗಿ ಬರುವವರು, ಜಾಗದ ಕಾಗದ ಇಲ್ಲದವರು, ಹೆಸರು ತಪ್ಪಾಗಿ ಬರೆದರೂ ತಿದ್ದಿಸಲು ಓಡಾಡಲಾಗದವರು.

ಆದ್ದರಿಂದ ಗೆಳೆಯರೆ, ನಾವು ಮಾಡಬೇಕಾದ ಕೆಲಸ ಫಲಿತಾಂಶದ ಮಾರನೆಯ ದಿನದ್ದಲ್ಲ. ಹಳ್ಳಿಯ ಮೇಷ್ಟ್ರುಗಳೇ ಬೂತಿನ ಅಧಿಕಾರಿಗಳಾಗಿ ಕೂರುತ್ತಾರೆ. ಮಿಷನ್ನು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ತಪ್ಪಬಹುದು, ದೂರು ಹೇಗೆ ಕೊಡಬೇಕು ಅಂತ ಕಾಲನಿಯಲ್ಲಿ ಕೂತು ಹೇಳುವುದಕ್ಕೆ ಅವರಿಗಿಂತ ತಿಳಿದವರು ಯಾರು? ವಿದ್ಯಾರ್ಥಿಗಳು ಮತದಾರರ ಪಟ್ಟಿಯನ್ನು ಹಿಡಿದು ಕಾಲನಿಯಲ್ಲಿ ಮನೆ ಮನೆಗೆ ಹೋಗಿ ಗಟ್ಟಿಯಾಗಿ ಓದಲಿ, ಯಾವ ಹೆಸರು ಬಿಟ್ಟುಹೋಗಿದೆ ಅಂತ ಅಲ್ಲೇ ಗೊತ್ತಾಗಲಿ. ಕಾಲನಿಯ ಹುಡುಗನೊಬ್ಬ, ಸಾಧ್ಯವಾದರೆ ಹುಡುಗಿಯೊಬ್ಬಳು, ಏಜೆಂಟಾಗಿ ಬೂತಿನಲ್ಲಿ ಕೂರಲಿ. ಅಣಕು ಮತದಾನ ನೋಡಿ, ಸಂಜೆ ನಮೂನೆ 17ಸಿಯ ಪ್ರತಿ ತೆಗೆದುಕೊಂಡು ಬರಲಿ. ಚೀಟಿಗಳನ್ನು ಇನ್ನೂ ಹೆಚ್ಚು ಬೂತುಗಳಲ್ಲಿ ಎಣಿಸಿ, ಬೂತುವಾರು ಅಂಕಿಯನ್ನು ಮುಚ್ಚಿ, ದೂರು ಕೊಟ್ಟವನನ್ನು ಬೆದರಿಸುವ ನಿಯಮ ತೆಗೆಯಿರಿ ಅಂತ ನಮ್ಮ ಸಂಘಟನೆಗಳು ಬೀದಿಯಲ್ಲಿ ಕೇಳಲಿ.

ಇವೆಲ್ಲಕ್ಕಿಂತ ಕಷ್ಟದ ಕೆಲಸ ನಮ್ಮ ಒಳಗಿನದು. ಯಾರಿಗೆ ಓಟು ಹಾಕಬೇಕು ಅನ್ನುವ ಮಾತು ಕಾಲನಿಯ ನಡುವೆ, ಹೆಂಗಸರೂ ಕೂತ ಸಭೆಯಲ್ಲಿ ಆಗಬೇಕು. ಅಲ್ಲಿ ಜಗಳ ಆಗಲಿ. ಒಂದೇ ಕಡೆ ಹಾಕೋಣ ಅಂತ ತೀರ್ಮಾನ ಆದರೆ ಆಗಲಿ. ಅದಾದ ಮೇಲೂ ಬೂತಿನ ಮರೆಯೊಳಗೆ ಒಬ್ಬಳು ಬೇರೆ ಕಡೆ ಒತ್ತಿ ಬಂದರೆ, ಯಾರಿಗೆ ಹಾಕಿದೆ ಅಂತ ಅವಳನ್ನು ಕೇಳುವ ಹಕ್ಕು ಗಂಡನಿಗೂ ಇಲ್ಲ, ಮುಖಂಡನಿಗೂ ಇಲ್ಲ, ನಮಗೂ ಇಲ್ಲ. ಊರಿನವರಿಂದ ನಮ್ಮ ಗುಟ್ಟನ್ನು ಕಾಪಾಡಿಕೊಳ್ಳಬೇಕು ಅಂತ ಹೋರಾಡುವವರು ನಮ್ಮೊಳಗಿನ ಒಬ್ಬಳ ಗುಟ್ಟನ್ನು ಕಾಪಾಡದೆ ಹೋದರೆ ಆ ಹೋರಾಟಕ್ಕೆ ಯಾವ ಅರ್ಥ?

ಸರ್ಕಾರ ಮಿಷನ್ನು ನಂಬಿ ಅನ್ನುತ್ತದೆ. ಅದು ನಮಗೆ ತೋರಿಸಲಿ, ನಂಬುತ್ತೇವೆ. ಪಕ್ಷಗಳು ನಮ್ಮನ್ನು ನಂಬಿ ಅನ್ನುತ್ತವೆ. ಅವರು ಕಾಲನಿಯ ಅಂಕಿ ನೋಡದೆ ಕಾಲನಿಗೆ ನೀರು ಕೊಡಲಿ, ಆಮೇಲೆ ಯೋಚಿಸೋಣ.